ಮೆಸ್ಸೀನಾದಲ್ಲಿ ಚಪ್ಪಲಿ ಕಾಯ್ದದ್ದು

ಈಗ ಹೇಳಲು ಹೊರಟಿರುವ ಸಂಗತಿ ಹೀಗೆಯೇ ನಡೆಯಿತು ಎಂದು ಪ್ರಮಾಣ ಮಾಡಿ ಹೇಳಲಾರೆ. ನಡೆದದ್ದೂ ಇದರಲ್ಲಿ ಒಂದಷ್ಟು ಇದೆ ಎಂದಷ್ಟೇ ಹೇಳಬಲ್ಲೆ. ನಾವು ಐದು ಜನ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನ ಪ್ರವಾಸ ಮಾಡಿ ಬಂದದ್ದು ನಿಜ, ಅದಕ್ಕೆ ಪಾಸ್‌ಪೋರ್ಟಿನ ಮೇಲೆ ಮುದ್ರೆಯಿದೆ; ಹಡಗಿನ ಊಟದ ಸಾಲಿನಲ್ಲಿ ಮತ್ತೆ ಮತ್ತೆ ನಿಂತು ನಾನು ಸಂಪಾದಿಸಿದ ಹೊಟ್ಟೆಯೂ ಇದೆ. ಆದರೆ ಇಟಲಿಯ ಒಂದು ಬಂದರಿನಲ್ಲಿ, ನಡುಮಧ್ಯಾಹ್ನ, ನೀಲಿ ಶರ್ಟು ತೊಟ್ಟ ದಪ್ಪ ಮೀಸೆಯ ಮನುಷ್ಯನೊಬ್ಬ ನನ್ನ ಅತ್ತೆಯ ಚಪ್ಪಲಿಯನ್ನು ನನ್ನ ಕಣ್ಣೆದುರಿಗೇ ಎತ್ತಿಕೊಂಡು ಹೋದನೇ ಇಲ್ಲವೇ ಎಂಬ ಪ್ರಶ್ನೆ ಬಂದಾಗ ನಮ್ಮ ಕುಟುಂಬ ಎರಡು ಪಕ್ಷವಾಗುತ್ತದೆ. ಒಂದರಲ್ಲಿ ನಾನಿದ್ದೇನೆ. ಇನ್ನೊಂದರಲ್ಲಿ ಉಳಿದವರಿದ್ದಾರೆ. ಅದು ಯಾವ ಬಂದರು ಎಂಬುದರಲ್ಲೂ ಒಮ್ಮತವಿರಲಿಲ್ಲ. ಸಿಸಿಲಿಯ ಮೆಸ್ಸೀನಾ ಎಂದು ನನ್ನ ಹೆಂಡತಿ ಸುಮ ಹೇಳುತ್ತಾಳೆ. ಅಲ್ಲಿನ ದೊಡ್ಡ ಚರ್ಚಿನ ಪಕ್ಕದ ಗಡಿಯಾರದ ಗೋಪುರದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಲೋಹದ ಸಿಂಹವೊಂದು ಬಾಲ ಅಲ್ಲಾಡಿಸಿ, ಇಡೀ ಚೌಕಕ್ಕೆ ಕೇಳುವಂತೆ ಗರ್ಜಿಸುತ್ತದಂತೆ. ನಾನು ಆ ಹೊತ್ತಿಗೆ ಚರ್ಚಿನ ಮೆಟ್ಟಿಲ ಮೇಲೆಯೇ ಕೂತಿದ್ದೆ, ನನಗೆ ಯಾವ ಗರ್ಜನೆಯೂ ಕೇಳಿಸಲಿಲ್ಲ. ಆದ್ದರಿಂದ ಅದು ಮೆಸ್ಸೀನಾ ಆಗಿರಲಾರದು, ಪಲೆರ್ಮೊ ಇರಬೇಕು ಎಂದು ನಾನು ಬಹಳ ಕಾಲ ವಾದಿಸಿದೆ. ವಾದದಲ್ಲಿ ತರ್ಕದೋಷವೇನೂ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಆದರೆ ನಾಲ್ಕು ಜನ ಮೆಸ್ಸೀನಾ ಎನ್ನುವಾಗ ಒಬ್ಬನೇ ಎಷ್ಟು ದಿನ ಪಲೆರ್ಮೊ ಎನ್ನುವುದು? ಈಗ ನಾನೂ ಮೆಸ್ಸೀನಾ ಎನ್ನುತ್ತೇನೆ.

ಸಂಶಯ ನನಗೆ ಬರೀ ಸ್ವಭಾವವಲ್ಲ, ಸಂಬಳ ತರುವ ಕಸುಬು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಮಿಶಿಗನ್‌ನಲ್ಲಿ ಇನ್ನೊಂದಿಷ್ಟು ಓದಿ, ಈಗ ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನ ಗಾಜಿನ ಕಟ್ಟಡವೊಂದರಲ್ಲಿ ಕೂತು, ಅಪಘಾತವಾದ ಕಾರುಗಳಲ್ಲಿ ಯಾವ ಭಾಗ ಕೈಕೊಟ್ಟಿತು ಎಂದು ಹುಡುಕುತ್ತೇನೆ. ಬಹುಪಾಲು ಸಲ ಕಾರಿನ ಯಾವ ಭಾಗವೂ ಕೈಕೊಟ್ಟಿರುವುದಿಲ್ಲ. 'ನಾನು ಬ್ರೇಕ್ ಒತ್ತಿದೆ, ಕಾರು ಮುಂದಕ್ಕೆ ಹಾರಿತು' ಎಂದು ಓಡಿಸುತ್ತಿದ್ದವನು ಕಣ್ಣೀರಿಟ್ಟು ಹೇಳುತ್ತಾನೆ. ಅವನು ಒತ್ತಿದ್ದು ಆಕ್ಸಿಲರೇಟರನ್ನು ಎಂದು ಕಾರಿನೊಳಗೆ ಎಲ್ಲವನ್ನೂ ದಾಖಲಿಸುವ ಪುಟ್ಟ ಪೆಟ್ಟಿಗೆ ಹೇಳುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ. ಅವನ ನೆನಪೇ ಅವನಿಗೆ ಸುಳ್ಳು ಹೇಳಿದೆ. ಹೆದರಿದ ಮನಸ್ಸು ಒಂದು ಕಥೆ ಕಟ್ಟಿ ಅವನ ಕೈಗೆ ಕೊಟ್ಟಿರುತ್ತದೆ, ಅವನು ಅದನ್ನೇ ಕಂಡದ್ದು ಎಂದುಕೊಳ್ಳುತ್ತಾನೆ. ಈ ಸತ್ಯವನ್ನು ನಾನು ಆಫೀಸಿನಲ್ಲಿಯೇ ಬಿಟ್ಟು ಬರಬಹುದಿತ್ತು. ಹಾಗೆ ಮಾಡದೆ ಮನೆಗೂ ತಂದೆ. ಎಲ್ಲರೂ ಒಂದೊಂದು ಅಡುಗೆ ಮಾಡಿ ತಂದು ಕೂಡಿ ಉಣ್ಣುವ ಪಾಟ್‌ಲಕ್ಕುಗಳಲ್ಲಿ ಯಾರಾದರೂ 'ಕಣ್ಣಾರೆ ಕಂಡೆ' ಎಂದರೆ ಸಾಕು, ತಟ್ಟೆ ಕೆಳಗಿಟ್ಟು ಉಪನ್ಯಾಸ ಆರಂಭಿಸುತ್ತಿದ್ದೆ. ಸುಮ ಒಮ್ಮೆ ಎಲ್ಲರೆದುರಿಗೆ ಕೇಳಿದಳು: "ರೀ, ಫ್ರಿಜ್‌ನಲ್ಲಿ ಹಾಲಿದೆ ಅಂತ ನಾನು ಹೇಳಿದ್ರೆ ಅದಕ್ಕೂ ಡೇಟಾ ತೋರಿಸಬೇಕಾ?" ಎಲ್ಲರೂ ನಕ್ಕರು. ನಾನು ಎದ್ದು ಹೋಗಿ ಫ್ರಿಜ್ ತೆಗೆದು ನೋಡಿದೆ. ಹಾಲಿತ್ತು. ಅದು ಬೇರೆ ಮಾತು.

ಈ ಪ್ರವಾಸಕ್ಕೆ ಕಾರಣ ನನ್ನ ಅತ್ತೆ, ಸುಮಳ ತಾಯಿ. ಅವರು ವರ್ಷದಲ್ಲಿ ಅರ್ಧ ಡೆಟ್ರಾಯಿಟ್ ಹತ್ತಿರ ನೋವೈನಲ್ಲಿರುವ ನಮ್ಮ ಮನೆಯಲ್ಲಿ, ಅರ್ಧ ಶಿಕಾಗೋ ಹತ್ತಿರ ಗ್ಲೆಂಡೇಲ್ ಹೈಟ್ಸ್‌ನಲ್ಲಿರುವ ಕಿರಿಯ ಮಗಳು ಪದ್ಮಳ ಮನೆಯಲ್ಲಿ ಇರುತ್ತಾರೆ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಭೂಗೋಳ ಹೇಳಿಕೊಟ್ಟವರು. ಮೆಡಿಟರೇನಿಯನ್ ವಾಯುಗುಣ ಅವರಿಗೆ ಬಾಯಿಪಾಠ: ಬೇಸಿಗೆಯಲ್ಲಿ ಒಣಹವೆ, ಚಳಿಗಾಲದಲ್ಲಿ ಮಳೆ, ಆಲಿವ್, ದ್ರಾಕ್ಷಿ, ನಿಂಬೆಯ ಜಾತಿಯ ಹಣ್ಣುಗಳು. ಒಂದು ಭಾನುವಾರ ಅವರು, "ಅಷ್ಟು ವರ್ಷ ಮಕ್ಕಳಿಗೆ ಹೇಳಿದೆ, ನಿಜವಾಗಿ ಹಾಗಿದೆಯೋ ಇಲ್ಲವೋ ನನಗೇನು ಗೊತ್ತು" ಎಂದರು. ಈ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಕುಟುಂಬದಲ್ಲಿ ನನ್ನ ಹೊರತು ಇನ್ನೊಬ್ಬರು ಸಂಶಯ ಪಟ್ಟದ್ದು ಅದೇ ಮೊದಲು. ಪದ್ಮಳ ಗಂಡ ರಾಘು ಮಾರನೆಯ ದಿನವೇ ಹಡಗು ಗೊತ್ತುಮಾಡಿದ. ರಾಘು ಧಾರವಾಡದವನು, ಕಂಪ್ಯೂಟರಿನ ಕೆಲಸ, ಸದಾ ನಗುಮುಖ. ಒಂದೇ ಚಟ, ಕಂಡದ್ದನ್ನೆಲ್ಲ ಫೋನಿನಲ್ಲಿ ವಿಡಿಯೊ ಮಾಡುವುದು. ಆ ವಿಡಿಯೊಗಳನ್ನು ಯಾರೂ ನೋಡುವುದಿಲ್ಲ. ಅವನೂ ನೋಡುವುದಿಲ್ಲ.

ಹಡಗಿನ ಪ್ರವಾಸ ಮಾಡದವರಿಗೆ ಒಂದು ಮಾತು ಹೇಳಬೇಕು. ಹಡಗು ಬೆಳಿಗ್ಗೆ ಒಂದು ಬಂದರಿಗೆ ಬಂದು ನಿಲ್ಲುತ್ತದೆ, ನಾವು ಇಳಿದು ಊರು ನೋಡಿ, ಹೇಳಿದ ಹೊತ್ತಿಗೆ ಹತ್ತಬೇಕು. ಹತ್ತದಿದ್ದರೆ ಅದು ನಮ್ಮನ್ನು ಅಲ್ಲಿಯೇ ಬಿಟ್ಟು ಹೋಗುತ್ತದೆ. ಮದುವೆ ಮನೆಯ ಬಸ್ಸಿನಂತೆ ಹಾರನ್ ಹೊಡೆದು, ಕ್ಲೀನರ್ ಇಳಿದು, 'ಇನ್ಯಾರು ಬರಬೇಕು' ಎಂದು ಕೂಗುವ ಪದ್ಧತಿ ಇಲ್ಲ. ಹಾಗಾಗಿ ಊರು ನೋಡುವುದೆಂದರೆ ಅರ್ಧ ಕಣ್ಣು ಊರಿನ ಮೇಲೆ, ಅರ್ಧ ಕಣ್ಣು ಗಡಿಯಾರದ ಮೇಲೆ. ಇಷ್ಟರಲ್ಲಿ ಯುರೋಪಿನವರು ಕಟ್ಟಿಟ್ಟ ಚರ್ಚುಗಳಿವೆ. ಪ್ರತಿ ಬಂದರಿನಲ್ಲೂ ಒಂದು ದೊಡ್ಡ ಚರ್ಚು ಇದ್ದೇ ಇರುತ್ತದೆ, ಅದನ್ನು ನೋಡದೆ ಬರುವಂತಿಲ್ಲ. ಮೊದಲ ಬಂದರು ಬಾರ್ಸಿಲೋನಾದಲ್ಲಿ ಚರ್ಚಿನ ಬಾಗಿಲಿಗೆ ಬಂದಾಗ ಅತ್ತೆ ನಿಂತು, ಬಗ್ಗಿ, ತಮ್ಮ ಶೂಗಳ ಪಟ್ಟಿ ಬಿಚ್ಚತೊಡಗಿದರು. ಅವರ ಬಾಯಲ್ಲಿ ಶೂ, ಸ್ಯಾಂಡಲ್, ಸ್ನೋಬೂಟು ಎಲ್ಲವೂ ಚಪ್ಪಲಿಯೇ.

"ಅಮ್ಮ, ಇಲ್ಲಿ ಯಾರೂ ಬಿಡಲ್ಲ. ನೋಡು, ಎಲ್ರೂ ಹಾಕ್ಕೊಂಡೇ ಹೋಗ್ತಿದಾರೆ" ಎಂದಳು ಪದ್ಮ.

"ಅವರು ಹೋಗಲಿ. ದೇವರು ಯಾರಾದ್ರೇನೇ? ಮನೆ ದೇವರದು ತಾನೆ? ಚಪ್ಪಲಿ ಕಾಲಲ್ಲಿ ನಾನು ಒಳಗೆ ಕಾಲಿಡಲ್ಲ" ಎಂದರು ಅತ್ತೆ.

ಅತ್ತೆ ಬಿಟ್ಟ ಮೇಲೆ ಹೆಣ್ಣುಮಕ್ಕಳಿಬ್ಬರೂ ಬಿಟ್ಟರು. ಅವರು ಬಿಟ್ಟ ಮೇಲೆ ರಾಘುವೂ ತನ್ನ ಹೊಸ ಬಿಳಿ ಬೂಟುಗಳನ್ನು ಬಿಟ್ಟ. ಈಗ ಇಷ್ಟು ಪಾದರಕ್ಷೆಗಳನ್ನು ಪರದೇಶದ ಬೀದಿಯಲ್ಲಿ ಬಿಟ್ಟು ಹೋಗುವುದು ಹೇಗೆ? ನಾಲ್ವರೂ ಏಕಕಾಲಕ್ಕೆ ನನ್ನ ಕಡೆ ನೋಡಿದರು. "ನಿಮಗೆ ಹೇಗೂ ಇದರಲ್ಲೆಲ್ಲ ನಂಬಿಕೆ ಇಲ್ವಲ್ಲ" ಎಂದಳು ಸುಮ. ನಾಸ್ತಿಕರಿಗೆ ಚರಿತ್ರೆಯಲ್ಲಿ ಏನೇನೋ ಶಿಕ್ಷೆಗಳಾಗಿವೆಯಂತೆ. ನನಗಾದದ್ದು ಇದು.

ಹೀಗೆ ನಾನು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಮಹಾನ್ ಚರ್ಚುಗಳ ಮೆಟ್ಟಿಲುಗಳನ್ನು ಬಲ್ಲವನಾದೆ. ಒಳಗಿನ ಚಿತ್ರಗಳ ವಿಷಯ ಕೇಳಬೇಡಿ, ಯಾವ ಮೆಟ್ಟಿಲಿಗೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ ಎಂದು ಕೇಳಿ, ಹೇಳುತ್ತೇನೆ. ಚಪ್ಪಲಿ ಕಾಯುವುದಕ್ಕೂ ಅತ್ತೆಯ ಒಂದು ಶಾಸ್ತ್ರವಿತ್ತು. ಎಡಗಾಲಿನದನ್ನು ಸಾಲಿನ ಈ ತುದಿಯಲ್ಲಿಟ್ಟರೆ ಬಲಗಾಲಿನದನ್ನು ಆ ತುದಿಯಲ್ಲಿಡುವುದು. ಕಳ್ಳನಿಗೆ ಜೋಡಿ ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲವೆಂದು. ಇದರಿಂದಾಗಿ ನನ್ನ ಮುಂದಿನ ಸಾಲು ಮಾರಲು ಹರಡಿದ ಸರಕಿನಂತೆಯೇ ಕಾಣುತ್ತಿತ್ತು. ಮಾರ್ಸೇಯಲ್ಲಿ ಜರ್ಮನಿಯವರೆಂದು ತೋರುವ ದಂಪತಿ ಬಂದು, ರಾಘುವಿನ ಬೂಟನ್ನು ಎತ್ತಿ, ಬಗ್ಗಿಸಿ, ಅಟ್ಟೆ ನೋಡಿ, ಇನ್ನೊಂದು ಕಾಲಿನದು ಎಲ್ಲಿ ಎಂದು ಕೇಳಿದರು. ಮಾರಾಟಕ್ಕಲ್ಲ ಎಂದೆ. ಅವರಿಗೆ ಬೇಸರವಾಯಿತು. ಬೆಲೆ ಏರಿಸಲು ಹಾಗೆ ಹೇಳುತ್ತಿದ್ದೇನೆ ಎಂದುಕೊಂಡರೋ ಏನೋ, ಸ್ವಲ್ಪ ದೂರ ಹೋಗಿ ಮತ್ತೆ ತಿರುಗಿ ನೋಡಿದರು.

ಈ ಸಾಲಿನಲ್ಲಿ ನಿಜವಾಗಿ ಬೆಲೆಬಾಳುವುದು ಅತ್ತೆಯ ಜೋಡಿ. ಅವರ ಮಂಡಿಗಳೆರಡಕ್ಕೂ ಆಪರೇಷನ್ ಆಗಿತ್ತು. ಪಾದದ ಡಾಕ್ಟರೊಬ್ಬರು ಅಳತೆ ತೆಗೆದು ಮಾಡಿಸಿದ ದಪ್ಪ ಮೆತ್ತೆಗಳು ಆ ಶೂಗಳ ಒಳಗಿದ್ದವು. ಅವಿಲ್ಲದೆ ಒಂದು ಬೀದಿ ನಡೆದರೂ ಮಂಡಿ ಊದಿಕೊಳ್ಳುತ್ತಿತ್ತು. ಹೋದರೆ ದಾರಿಯಲ್ಲಿ ಇನ್ನೊಂದು ಜೊತೆ ಸಿಗುವಂಥದ್ದಲ್ಲ. "ಇದೊಂದನ್ನ ಸರಿಯಾಗಿ ನೋಡ್ಕೊಳ್ಳಿ" ಎಂದು ಸುಮ ಪ್ರತಿ ಚರ್ಚಿನ ಮುಂದೆಯೂ ನನಗೆ ಹೇಳಿ ಹೋಗುತ್ತಿದ್ದಳು.

ಮೆಸ್ಸೀನಾದಲ್ಲಿ ಬಂದರಿನಿಂದ ಚರ್ಚಿಗೆ ನಡೆದೇ ಹೋಗಬಹುದು. ಹೋದೆವು. ಅವರು ಒಳಗೆ ಹೋದರು, ನಾನು ಕೂತೆ. ಬಿಸಿಲು ಚೆನ್ನಾಗಿತ್ತು, ಹಡಗಿನಲ್ಲಿ ಬೆಳಗಿನ ತಿಂಡಿಯೂ ಚೆನ್ನಾಗಿತ್ತು. ಇಲ್ಲಿಂದ ಮುಂದಿನದು ನನ್ನ ನೆನಪು. ಓದುಗರು ಹುಷಾರಾಗಿ ಓದಬೇಕು. ನನ್ನ ಎದುರಿಗೆ ಒಬ್ಬ ಮನುಷ್ಯ ಬಂದ. ತಿಳಿಯಾದ ಆದರೆ ಗಾಢವಾದ ನೀಲಿ ಶರ್ಟು. ಇಂಥ ಬಣ್ಣ ಹೇಗೆ ಸಾಧ್ಯ ಎಂದು ಕೇಳಬೇಡಿ, ನನಗೆ ಕಂಡದ್ದು ಹಾಗೆಯೇ. ದಪ್ಪ ಮೀಸೆ. ನನ್ನ ಮೇಲೆ ಬಾಗಿದ. ಕಣ್ಣು ತುಂಬ ಅವನ ನೀಲಿಯೇ. ಆಮೇಲೆ ನಿಧಾನವಾಗಿ ಸರಿದುಹೋದ. ನೋಡುತ್ತೇನೆ, ಸಾಲಿನ ಈ ತುದಿಯ ಎಡಗಾಲಿನದೂ ಇಲ್ಲ, ಆ ತುದಿಯ ಬಲಗಾಲಿನದೂ ಇಲ್ಲ. ಅತ್ತೆಯ ಜೋಡಿ ಹೋಗಿತ್ತು. ಎದ್ದು ನಿಂತು, ಕನ್ನಡದಲ್ಲಿ, "ಕಳ್ಳ, ಕಳ್ಳ" ಎಂದು ಕೂಗಿದೆ. ಚೌಕದಲ್ಲಿದ್ದ ಪಾರಿವಾಳಗಳು ಎದ್ದವು. ಮನುಷ್ಯರಾರೂ ಏಳಲಿಲ್ಲ.

ವಿಡಿಯೊ ಮಾಡಲು ಬರಿಗಾಲಲ್ಲೇ ಚೌಕದ ಆ ಕಡೆ ಹೋಗಿದ್ದ ರಾಘು ಓಡಿಬಂದ. ಚರ್ಚಿನೊಳಗಿಂದ ಹೆಂಗಸರು ಮೂವರೂ ಬಂದರು. ನಾನು ವರದಿ ಒಪ್ಪಿಸಿದೆ. ಅತ್ತೆ ಹೆಗಲಿನ ಚೀಲವನ್ನು ಎದೆಗೊತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. "ಹೋಗ್ಲಿ ಬಿಡಿ. ಚಪ್ಪಲಿ ತಾನೆ? ನಡೀರಿ, ಹಡಗಿಗೆ ಹೋಗೋಣ" ಎಂದರು.

"ಹಾಗೆ ಬಿಡಕ್ಕಾಗಲ್ಲ ಅತ್ತೆ. ನಾನು ಕಣ್ಣಾರೆ ನೋಡಿದೀನಿ" ಎಂದೆ.

ಈ ಮಾತು ನನ್ನ ಬಾಯಿಂದ ಬಂದದ್ದನ್ನು ಕೇಳಿ ಸುಮ ಹುಬ್ಬೇರಿಸಿದಳು. ರಾಘು ಸಾಲನ್ನು ಪರೀಕ್ಷಿಸಿದ. "ಭಾವಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಹೊಸಾ ಬೂಟು ಇಲ್ಲೇ ಅದಾವ. ಇವನ್ನ ಬಿಟ್ಟು ಅತ್ತಿಯವರ ಚಪ್ಪಲಿ ಯಾಕ ಒಯ್ದಾನ ಅಂವಾ? ಅದೂ ಈ ತುದಿಗೊಂದು ಆ ತುದಿಗೊಂದು ಆರಿಸಿ? ಆ ಕಳ್ಳಗೂ ಮಣಕಾಲ್ ಆಪರೇಶನ್ ಆಗಿತ್ತೇನ್ರಿ?"

ಒಳ್ಳೆಯ ಪ್ರಶ್ನೆ. ಆಫೀಸಿನಲ್ಲಾಗಿದ್ದರೆ ನಾನೇ ಕೇಳುತ್ತಿದ್ದೆ. ಆದರೆ ಈಗ ಸಾಕ್ಷಿಯ ಜಾಗದಲ್ಲಿ ನಾನು ನಿಂತಿದ್ದೆ, ಅಲ್ಲಿಂದ ನೋಡಿದರೆ ಪ್ರಶ್ನೆ ಕೇಳುವವರೆಲ್ಲ ಅಧಿಕಪ್ರಸಂಗಿಗಳಂತೆ ಕಾಣುತ್ತಾರೆ. ಚೌಕದ ಮೂಲೆಯಲ್ಲಿ ಒಬ್ಬ ಪೊಲೀಸು ಇದ್ದ, ಅವನನ್ನು ನಾನೇ ಕೈಬೀಸಿ ಕರೆದೆ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ರಾಘು ತನ್ನ ಫೋನು ಹಿಡಿದ; ನಾನು ಹೇಳಿದ್ದನ್ನು ಅದು ಒಂದು ಹೆಂಗಸಿನ ದನಿಯಲ್ಲಿ ಇಟಾಲಿಯನ್ನಿಗೆ ತಿರುಗಿಸಿ ಹೇಳಿತು. ಪೊಲೀಸು ಚರ್ಚಿನ ಕಡೆ ನೋಡಿದ, ಚಪ್ಪಲಿಗಳ ಸಾಲಿನ ಕಡೆ ನೋಡಿದ, ನಾಲ್ವರ ಬರಿಗಾಲುಗಳ ಕಡೆ ನೋಡಿದ. ಚರ್ಚಿನವರು ಬಿಚ್ಚಲು ಹೇಳಿದರೇ ಎಂದು ಫೋನಿನ ಮೂಲಕ ಕೇಳಿದ. ಇಲ್ಲ ಎಂದೆ. ಮತ್ತೆ ಯಾಕೆ ಬಿಚ್ಚಿದಿರಿ ಎಂದ. ಗೌರವಕ್ಕೆ ಎಂದೆ. ಹಾಗಾದರೆ ನೀವು ಯಾಕೆ ಬಿಚ್ಚಿಲ್ಲ ಎಂದ. ಇದಕ್ಕೆ ಉತ್ತರ ಹೇಳಲು ದೇವರ ಅಸ್ತಿತ್ವದಿಂದ ಶುರು ಮಾಡಬೇಕಾಗಿತ್ತು. ಬದಲಿಗೆ ಕಳ್ಳನ ವರ್ಣನೆಗೆ ಹೋದೆ. ನೀಲಿ ಶರ್ಟು, ದಪ್ಪ ಮೀಸೆ. ಫೋನು ಅದನ್ನು ಹೇಳುತ್ತಿದ್ದಂತೆ ಪೊಲೀಸಿನ ಮುಖದ ಭಾವ ಬದಲಾಯಿತು. ಆಗ ಗಮನಿಸಿದೆ: ಅವನ ಸಮವಸ್ತ್ರದ ಶರ್ಟು ನೀಲಿ. ಅವನಿಗೆ ಮೀಸೆಯೂ ಇತ್ತು.

"ಭಾವಾ, ಹಿಂಗ ಇದ್ದನೇನ್ರಿ, ಇಲ್ಲಾ ಕಳ್ಳ ಇವನ ಏನ್ರಿ?" ಎಂದ ರಾಘು, ಮೆಲ್ಲಗೆ. ಸೆರಗಿಲ್ಲದ್ದರಿಂದ ಸುಮ ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡಳು.

ನಾನು ಬಿಡಲಿಲ್ಲ. ಠಾಣೆಗೆ ಬಂದು ದೂರು ಕೊಡಿ ಎಂದು ಪೊಲೀಸು ಹೇಳಿದ, ಕೊಡುತ್ತೇನೆ ಎಂದೆ. ಹಡಗು ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಪದ್ಮ ಗಡಿಯಾರ ತೋರಿಸಿದಳು. ಅತ್ತೆ ಬರಿಗಾಲಲ್ಲಿ, ಕಾದ ಕಲ್ಲಿನ ಮೇಲೆ, ಒಂದು ಕಾಲೆತ್ತಿ ಇನ್ನೊಂದು ಊರುತ್ತ, "ನನ್ನ ಮಾತು ಕೇಳಿ, ದೂರು ಗೀರು ಏನೂ ಬೇಡ" ಎಂದು ನನ್ನ ತೋಳು ಹಿಡಿದು ಎಳೆದರು. ಅವರು ನನ್ನ ತೋಳು ಹಿಡಿದದ್ದು ಮದುವೆಯಾದಾಗಿನಿಂದ ಅದೇ ಮೊದಲು. ಆ ಅಚ್ಚರಿಗೆ ನಾನು ಒಪ್ಪಿದೆ. ಎದುರಿನ ಅಂಗಡಿಯಲ್ಲಿ ಅವರ ಅಳತೆಗೆ ಸಿಕ್ಕಿದ್ದು ಒಂದೇ ಜೊತೆ, ಮೈತುಂಬ ನಿಂಬೆಹಣ್ಣಿನ ಚಿತ್ರವಿದ್ದ ಕ್ಯಾನ್ವಾಸ್ ಶೂ. ಅದನ್ನು ಹಾಕಿಸಿ, ಟ್ಯಾಕ್ಸಿ ಸಿಗದೆ, ಅತ್ತೆಯನ್ನು ಆ ಕಡೆ ರಾಘು ಈ ಕಡೆ ನಾನು ಹಿಡಿದುಕೊಂಡು ಓಡುನಡಿಗೆಯಲ್ಲಿ ಬಂದರು ಮುಟ್ಟಿದೆವು. ತಡವಾಗಿ ಓಡಿ ಬರುವವರನ್ನು ನೋಡುವುದು ಹಡಗಿನ ಜನಕ್ಕೆ ಒಂದು ಮನರಂಜನೆಯಂತೆ. ಮೇಲಿನ ಕಟಾಂಜನದ ಉದ್ದಕ್ಕೂ ನಿಂತು ಚಪ್ಪಾಳೆ ತಟ್ಟಿದರು. ರಾಘು ಒಂದು ಕೈಯಲ್ಲಿ ಅತ್ತೆಯನ್ನು ಹಿಡಿದು ಇನ್ನೊಂದು ಕೈಯಲ್ಲಿ ಅದನ್ನೂ ವಿಡಿಯೊ ಮಾಡಿದ. ನಾವೇ ಕೊನೆಯವರು.

ಅತ್ತೆಯ ಮಂಡಿ ಕೈಕೊಟ್ಟು ಉಳಿದ ಪ್ರವಾಸ ಹಾಳಾಗುತ್ತದೆ ಎಂದು ಎಲ್ಲರೂ ಹೆದರಿದ್ದೆವು. ಮಾರನೆಯ ದಿನ ಅವರು ನಿಂಬೆಹಣ್ಣಿನ ಶೂ ಹಾಕಿಕೊಂಡು ಊರೆಲ್ಲ ಸುತ್ತಿದರು. ಆಲಿವ್ ಮರ ನೋಡಿದರು, ಕಿತ್ತಳೆ ಮರ ನೋಡಿದರು, ಮಣ್ಣು ಒಣಗಿದೆಯೇ ಎಂದು ಬೆರಳಿಂದ ಮುಟ್ಟಿ ನೋಡಿ, ಪಠ್ಯಪುಸ್ತಕ ಸರಿಯಾಗಿಯೇ ಇದೆ ಎಂದರು. ಮಂಡಿಗೆ ಏನೂ ಆಗಲಿಲ್ಲ. ಡಾಕ್ಟರು ಅಷ್ಟು ಹೇಳಿದ್ದ ಮೆತ್ತೆಗಳಿಲ್ಲದೆ ಇದು ಹೇಗೆ ಸಾಧ್ಯ ಎಂದು ಸಂಶಯ ಪಡಬೇಕಾದ ಮನುಷ್ಯ ನಮ್ಮಲ್ಲಿ ಒಬ್ಬನೇ ಇದ್ದ. ಅವನು ಆಗ ನೀಲಿ ಶರ್ಟಿನ ವಿಚಾರದಲ್ಲಿ ಮುಳುಗಿದ್ದ.

ಊರಿಗೆ ಬಂದು ನೋಡಿದರೆ ಈ ಕಥೆ ನಮಗಿಂತ ಮೊದಲೇ ಮಿಶಿಗನ್‌ನಿಂದ ಇಲಿನಾಯ್‌ವರೆಗೆ ಕನ್ನಡದವರ ಮನೆಮನೆಯನ್ನು ತಲುಪಿತ್ತು. ನಮ್ಮ ಪಾಟ್‌ಲಕ್ಕುಗಳಲ್ಲಿ ಗರಾಜಿನ ಬಾಗಿಲಲ್ಲಿ ಶೂಗಳ ಗುಡ್ಡೆ ಬೀಳುತ್ತದಲ್ಲ, ಅಲ್ಲಿ ನಾನು ಬಂದರೆ ಸಾಕು, ಯಾರಾದರೂ "ಅಂಕಲ್, ನೀವು ಇಲ್ಲೇ ಕೂತ್ಕೋತೀರಾ? ತಟ್ಟೆ ಇಲ್ಲಿಗೇ ತಂದುಕೊಡ್ತೀವಿ" ಎನ್ನುತ್ತಿದ್ದರು. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಅದೇ ಕಾಲಕ್ಕೆ ನಾನು ಸಣ್ಣಪುಟ್ಟದ್ದನ್ನು ಮರೆಯತೊಡಗಿದ್ದೆ. ಮಾಲ್‌ನ ಪಾರ್ಕಿಂಗ್‌ನಲ್ಲಿ ಕಾರು ಎಲ್ಲಿ ನಿಲ್ಲಿಸಿದೆ ಎಂದು ತಿಳಿಯದೆ ಕೀಲಿಯ ಗುಂಡಿ ಒತ್ತುತ್ತ, ಕಾರು ಎಲ್ಲಾದರೂ ಕೂಗೀತೇ ಎಂದು ಅಲೆಯುತ್ತಿದ್ದೆ. ಹೆದ್ದಾರಿಯಿಂದ ದಿನಾ ಇಳಿಯುವ ಎಕ್ಸಿಟ್ ದಾಟಿ ಮುಂದೆ ಹೋಗುತ್ತಿದ್ದೆ. ಬಾಸ್ಟನ್‌ನಲ್ಲಿರುವ ಮಗಳಿಗೆ ಹೇಳಿದರೆ, "ಡ್ಯಾಡ್, ಯು ಆರ್ ಫೈನ್. ಯು ಜಸ್ಟ್ ಡೋಂಟ್ ಪೇ ಅಟೆನ್ಷನ್" ಎಂದಳು. ಸಮಾಧಾನ ಆಗಲಿಲ್ಲ. ಇತರರ ನೆನಪನ್ನು ಅನುಮಾನಿಸಿ ಬದುಕಿದವನಿಗೆ ತನ್ನದರ ಮೇಲೆಯೇ ಅನುಮಾನ ಬಂದರೆ ಹೋಗುವುದೆಲ್ಲಿಗೆ? ಆಗೆಲ್ಲ ನಾನು ಕಣ್ಣುಮುಚ್ಚಿ ಆ ನೀಲಿ ಶರ್ಟನ್ನು ನೆನೆಯುತ್ತಿದ್ದೆ. ಅದು ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಮನುಷ್ಯ ಇದ್ದ ಎಂದಾದರೆ ನನ್ನ ತಲೆ ಸರಿಯಿದೆ. ಇಲ್ಲವೆಂದಾದರೆ ನಾನೂ ಆ ಬ್ರೇಕ್ ಒತ್ತಿದವರ ಸಾಲಿಗೆ ಸೇರಿದೆ. ಹೀಗೆ ಒಬ್ಬ ಚಪ್ಪಲಿ ಕಳ್ಳನ ಮೇಲೆ ನನ್ನ ಬುದ್ಧಿಯ ಮರ್ಯಾದೆಯೆಲ್ಲ ನಿಂತಿತ್ತು.

ಮೊನ್ನೆ ಬೇಸಿಗೆಯ ಕೊನೆಗೆ ಅತ್ತೆ ಗ್ಲೆಂಡೇಲ್ ಹೈಟ್ಸ್‌ನಿಂದ ನಮ್ಮ ಮನೆಗೆ ಬಂದರು. ಅವರ ಹಳೆಯ ಸೂಟ್‌ಕೇಸನ್ನು ನಾನು ಮಹಡಿಗೆ ಸಾಗಿಸುತ್ತಿದ್ದಾಗ ಅದರ ಜಿಪ್ ಬಿಟ್ಟುಕೊಂಡು, ಸೀರೆಗಳ ಜೊತೆಗೆ ಬಟ್ಟೆಯ ಚೀಲವೊಂದು ಮೆಟ್ಟಿಲ ಮೇಲೆ ಉರುಳಿತು. ಅದರೊಳಗಿಂದ ಒಂದು ಜೊತೆ ಶೂ ಹೊರಬಿತ್ತು. ಕಂದು ಬಣ್ಣ, ಪಟ್ಟಿ, ಅಗಲ ಹಿಮ್ಮಡಿ. ಒಳಗೆ ಕೈ ಹಾಕಿದೆ. ಮೆತ್ತೆಗಳಿರಲಿಲ್ಲ. ಅವು ಎಲ್ಲಿವೆ ಎಂದು ಒಂದು ಕ್ಷಣ ಯೋಚಿಸಿ, ಕೆಳಗೆ ಬಾಗಿಲ ಪಕ್ಕ ಅವರು ಬಿಚ್ಚಿಟ್ಟಿದ್ದ ನಿಂಬೆಹಣ್ಣಿನ ಶೂಗಳ ಒಳಗೆ ಕೈಯಿಟ್ಟು ನೋಡಿದೆ. ಅಲ್ಲಿದ್ದವು.

ಅತ್ತೆ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಶೂಗಳನ್ನು ಕೈಯಲ್ಲಿ ಹಿಡಿದು ಎದುರಿಗೆ ನಿಂತೆ. ಅವರು ಶೂ ನೋಡಿದರು, ನನ್ನನ್ನು ನೋಡಿದರು, ಲೋಟ ಕೆಳಗಿಟ್ಟರು.

"ಎಸೀಬೇಕು ಅಂತಲೇ ಇದ್ದೆ. ಚೆನ್ನಾಗಿರೋ ಚಪ್ಪಲಿ, ಮನಸ್ಸು ಬರಲಿಲ್ಲ" ಎಂದರು.

"ಅತ್ತೆ, ಇದು ಕಳ್ಳತನವಾಗಿತ್ತಲ್ಲ."

"ಎಲ್ಲಿ ಆಗಿತ್ತು? ನಾನು ಮಧ್ಯದಲ್ಲಿ ಹೊರಗೆ ಬಂದೆ. ನೀವು ನಿದ್ದೆ ಮಾಡ್ತಿದ್ರಿ. ಎಬ್ಬಿಸೋದು ಬೇಡ ಅನ್ನಿಸ್ತು. ಆದ್ರೆ ಒಳಗೆ ಮೇಣದಬತ್ತಿ ಹಚ್ಚೋದು ಬಾಕಿ ಇತ್ತು. ನಿದ್ದೆ ಮಾಡೋರ ಮುಂದೆ ಈ ಚಪ್ಪಲಿ ಬಿಟ್ಟು ಹೋಗಕ್ಕಾಗತ್ತಾ? ಚೀಲದೊಳಗೆ ಹಾಕ್ಕೊಂಡು ಹೋದೆ."

"ಹಾಗಂತ ಅಲ್ಲೇ ಹೇಳೋದಲ್ವಾ?"

"ಹೇಳೋಣ ಅಂತಲೇ ಬಂದೆ. ಅಷ್ಟರಲ್ಲಿ ನೀವು ನೀಲಿ ಶರ್ಟು, ಮೀಸೆ ಅಂತ ಶುರು ಮಾಡಿಬಿಟ್ಟಿದ್ರಿ. ಆಮೇಲೆ ಪೊಲೀಸು ಬಂದ. ಒಬ್ಬ ಪರದೇಶದ ಪೊಲೀಸಿನ ಎದುರಿಗೆ, 'ಇಲ್ಲಪ್ಪ, ನಮ್ಮ ಅಳಿಯಂದ್ರು ನಿದ್ದೆಗಣ್ಣಲ್ಲಿ ಏನೋ ಹೇಳ್ತಿದಾರೆ' ಅನ್ನಕ್ಕಾಗತ್ತಾ? ನೀವೇ ಹೇಳಿ."

ಸುಮ ಒಲೆಯ ಹತ್ತಿರ ನಿಂತು, ನಮಗೆ ಬೆನ್ನು ತಿರುಗಿಸಿ, ಭುಜ ಅಲುಗಿಸುತ್ತಿದ್ದಳು. ಅತ್ತೆಗಾದ ಇಕ್ಕಟ್ಟು ನನಗೆ ಅರ್ಥವಾಯಿತು. ಮೈಸೂರಿನ ಅತ್ತೆಯಂದಿರು ಅಳಿಯನ ಮಾತು ತಪ್ಪು ಎಂದು ಹೊರಗಿನವರ ಮುಂದೆ ಹೇಳುವುದಿಲ್ಲ. ಭೂಗೋಳದ ಟೀಚರಾಗಿ ಎಷ್ಟೋ ಜನರ ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆದವರು, ನನ್ನೊಬ್ಬನ ಉತ್ತರವನ್ನು ಉಳಿಸಲು ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತರು, ಹಡಗು ತಪ್ಪುವ ಸ್ಥಿತಿ ಬಂದರೂ ಬಾಯಿ ಬಿಡಲಿಲ್ಲ. ಆಮೇಲೆ ಕ್ಯಾಬಿನ್ನಿನಲ್ಲಿ ಗುಟ್ಟಾಗಿ ಮೆತ್ತೆಗಳನ್ನು ಕಿತ್ತು ನಿಂಬೆಹಣ್ಣಿನೊಳಗೆ ಸೇರಿಸಿ, ಚಪ್ಪಲಿಯನ್ನು ಸೀರೆಗಳ ಅಡಿಯಲ್ಲಿ ಹೂತಿಟ್ಟು, ಅಂದಿನಿಂದ ಶಿಕಾಗೋ ಡೆಟ್ರಾಯಿಟ್ ನಡುವೆ ಅದನ್ನು ಹೊತ್ತು ತಿರುಗುತ್ತಿದ್ದರು.

ಇಷ್ಟಾದ ಮೇಲೆ ಸಜ್ಜನನಾದವನು ಸೋಲೊಪ್ಪಿಕೊಳ್ಳಬೇಕು. ನಾನು ಮೂರ್ನಾಲ್ಕು ದಿನ ಸಜ್ಜನನಾಗಿಯೇ ಇದ್ದೆ. ಆಮೇಲೆ ಒಂದು ಯೋಚನೆ ಬಂತು. ಅತ್ತೆಯದೂ ಸಾಕ್ಷಿಯೇ ಅಲ್ಲವೇ? ಅವರ ನೆನಪೂ ನೆನಪೇ. ಶೂ ಕಳವಾಗಲಿಲ್ಲ ಎಂಬುದು ರುಜುವಾತಾಯಿತು, ಸರಿ; ಆದರೆ ನೀಲಿ ಶರ್ಟಿನವನು ಬಂದು, ಬಗ್ಗಿ, ಏನೂ ತೆಗೆದುಕೊಳ್ಳದೆ ಹೋಗಿರಬಹುದಲ್ಲ? ನಾನು ನಿದ್ದೆ ಮಾಡುತ್ತಿದ್ದೆ ಎಂಬುದಕ್ಕೆ ಅವರ ಮಾತಿನ ಹೊರತು ಪುರಾವೆ ಏನಿದೆ? ಇದನ್ನು ಸುಮಳ ಮುಂದೆ ಹೇಳಿದೆ. ಅವಳು, "ಗಣೇಶನ ಹಬ್ಬಕ್ಕೆ ಲೆಮಾಂಟ್‌ಗೆ ಹೋಗ್ತೀವಲ್ಲ, ಅಲ್ಲಿ ರಾಘು ಫೋನ್ ನೋಡಿ. ಆ ಹೊತ್ತಲ್ಲಿ ಅವನು ಚೌಕದ ಆ ಕಡೆ ಸಿಂಹದ ವಿಡಿಯೊ ಮಾಡ್ತಿದ್ದ" ಎಂದಳು.

ಹಬ್ಬದ ದಿನ ಐದು ಗಂಟೆ ಡ್ರೈವ್ ಮಾಡಿ ಶಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನ ಸೇರಿದೆವು. ಅಲ್ಲಿ ಚಪ್ಪಲಿಗೆ ಗೂಡುಗಳಿವೆ, ಯಾರೂ ಕಾಯಬೇಕಿಲ್ಲ. ನಾನೂ ಎಲ್ಲರಂತೆ ಬಿಟ್ಟು ಒಳಗೆ ಹೋದೆ. ಪೂಜೆ ಮುಗಿದು ಕೆಳಗಿನ ಊಟದ ಹಾಲ್‌ನಲ್ಲಿ ಪುಳಿಯೋಗರೆ ತಿನ್ನುತ್ತ ಕೂತಿದ್ದಾಗ ರಾಘುವಿನ ಪಕ್ಕ ಸರಿದು ವಿಷಯ ಹೇಳಿದೆ. ಅವನು ಬೆರಳಿಗೆ ಅಂಟಿದ ಅನ್ನ ಒರೆಸಿಕೊಂಡು, ಫೋನಿನಲ್ಲಿ ಬಹಳ ಹಿಂದಕ್ಕೆ ಹೋಗಿ, ಹುಡುಕಿ ಕೊಟ್ಟ. "ಭಾವಾ, ಇದನ್ನ ನೋಡಾವ್ರು ನೀವ ಮೊದಲನೇದವ್ರು, ನೋಡ್ರಿ" ಎಂದ. ಮೇಜಿನ ಆ ಕಡೆ ಅತ್ತೆ ಹೆಣ್ಣುಮಕ್ಕಳೊಡನೆ ಮಾತಾಡುತ್ತಿದ್ದರು, ನಮ್ಮ ಕಡೆ ಗಮನವಿರಲಿಲ್ಲ.

ಗೋಪುರ ಕಂಡಿತು. ಸಿಂಹ ಬಾಲ ಅಲ್ಲಾಡಿಸಿತು, ಮತ್ತೆ ಮತ್ತೆ ಗರ್ಜಿಸಿತು. ಹಾಲ್‌ನ ಗದ್ದಲದಲ್ಲೂ ಅಕ್ಕಪಕ್ಕದವರು ತಿರುಗಿ ನೋಡಿದರು. ಆಮೇಲೆ ಚಿತ್ರ ಅಲ್ಲಾಡುತ್ತ ಕೆಳಗಿಳಿದು, ಮೇಲೆ ನೋಡುತ್ತಿದ್ದ ಜನರ ತಲೆಗಳ ಮೇಲೆ ಹಾಯ್ದು, ಚರ್ಚಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿತು. ಅಲ್ಲಿ ಚಪ್ಪಲಿಗಳ ಸಾಲಿನ ಹಿಂದೆ ನಾನಿದ್ದೆ. ಕಂಬಕ್ಕೆ ಒರಗಿದ್ದೆ, ತಲೆ ಹಿಂದಕ್ಕೆ ಬಿದ್ದಿತ್ತು, ಬಾಯಿ ತೆರೆದಿತ್ತು. ನನ್ನ ಪಕ್ಕದಲ್ಲಿ, ಬರಿಗಾಲನ್ನು ಸೀರೆಯೊಳಗೆ ಎಳೆದುಕೊಂಡು ಅತ್ತೆ ಕೂತಿದ್ದರು. ಹಾಗೆ ಕೂತಿದ್ದನ್ನು ಅವರು ನನಗೆ ಹೇಳಿರಲಿಲ್ಲ. ಅವರ ಕೈಯಲ್ಲಿ ಬಿಚ್ಚಿದ ಕೊಡೆಯಿತ್ತು. ತಮ್ಮ ತಲೆಯನ್ನು ಬಿಸಿಲಿಗೆ ಬಿಟ್ಟು, ಕೈಚಾಚಿ, ಅದನ್ನು ನನ್ನ ಬೋಳುತಲೆಯ ಮೇಲೆ, ಮುಖಕ್ಕೆ ತೀರ ಹತ್ತಿರವಾಗಿ ಬಾಗಿಸಿ ಹಿಡಿದಿದ್ದರು. ಸುತ್ತಮುತ್ತ ಬೇರೆ ಯಾವ ಮನುಷ್ಯನೂ ಇರಲಿಲ್ಲ.

ಮೀಸೆ ಎಲ್ಲಿಂದ ಬಂತೋ ನನಗೆ ಈಗಲೂ ಗೊತ್ತಿಲ್ಲ. ಕೊಡೆಯ ಬಣ್ಣವನ್ನು ಮಾತ್ರ ವಿಡಿಯೊ ನಿಲ್ಲಿಸಿ, ದೊಡ್ಡದು ಮಾಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ, ಖಚಿತಪಡಿಸಿಕೊಂಡಿದ್ದೇನೆ. ನೀಲಿ.